ಲಕ್ಷ ಕೋಟಿಯಲ್ಲೊಂದು ಪಾಲು, ನಲವತ್ತು ನಿಮಿಷ ಕತ್ತಲು

ಸಮಸ್ತ ಓದುಗ ಮಹಾಜನರಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಈ ಕಥೆಯಲ್ಲಿ ಒಂದು ಬಲ್ಬ್ ಬದಲಾಯಿಸಲಾಗಿದೆ. ಬಿಳಿಯದು ಹೋಗಿ ಕೆಂಪು ಬಂದಿದೆ. ಇದಕ್ಕಿಂತ ಭರ್ಜರಿ ಆರಂಭ ನನ್ನ ಬಳಿ ಇಲ್ಲ.

೧
ಇತ್ತು, ಭರ್ಜರಿಯದೂ ಒಂದಿತ್ತು: "ಕಿಟಕಿಯಿಂದ ಸಂಜೆಯ ಬಿಸಿಲು ಹರಿದು ಬಂತು, ಅವಳು ಕೈಯಲ್ಲಿದ್ದ ಪುಟ್ಟ ಕೊಳವೆಯನ್ನು ಎತ್ತಿ ಹಿಡಿದಳು." ಬರೆದು ನನ್ನ ಬೆನ್ನು ನಾನೇ ತಟ್ಟಿಕೊಳ್ಳುವಷ್ಟರಲ್ಲಿ ಕಥೆಯ ಒಳಗಿನಿಂದ ಕಿರುಚಾಟ.

"ಕಿಟಕಿನೇ ಇಲ್ಲದ ರೂಮಿಗೆ ಕಿಟಕಿ ಯಾರ್ರೀ ಇಟ್ಟಿದ್ದು!"

ಕಿರುಚಿದವಳು ನನ್ನ ನಾಯಕಿ, ಸಂಶೋಧಕಿ. ಕೊಳವೆಯಲ್ಲಿದ್ದದ್ದು ಒಂದು ಬ್ಯಾಕ್ಟೀರಿಯಾದ ಪ್ರೋಟೀನು. ಆ ಬಡಜೀವಿಯ ಕಣ್ಣು ಎನ್ನಿ. ನೀಲಿ ಬೆಳಕು ತಾಗಿದರೆ, ಸೆಕೆಂಡಿನ ಲಕ್ಷ ಕೋಟಿಯಲ್ಲೊಂದು ಪಾಲಿನಲ್ಲಿ, ಅದರ ಒಡಲೊಳಗೆ ಒಂದು ತುಣುಕು ಸರಕ್ಕನೆ ತಿರುಗುತ್ತದೆ. ಆ ತಿರುಗುವಿಕೆಯನ್ನು ಲೇಸರಿನಲ್ಲಿ ಹಿಡಿಯಲು ಅವಳು ಮೂರು ವರ್ಷದಿಂದ ಕಾದಿದ್ದಾಳೆ. ಕತ್ತಲಕೋಣೆ, ಅದನ್ನು ತಿರುಗಿಸದ ಕೆಂಪು ಬಲ್ಬು ಎಲ್ಲ ಅದಕ್ಕೇ. ಬಿಸಿಲಲ್ಲಿ ನೀಲಿಯೂ ಇರುತ್ತದೆಂದು ನನಗೆ ಹೊಳೆದಿರಲಿಲ್ಲ; ಲೇಸರಿಗೆ ಮುನ್ನವೇ ತುಣುಕು ತಿರುಗಿಬಿಟ್ಟಿತ್ತು. (ಕಾಮನಬಿಲ್ಲಿನ ಪಾಠದ ದಿನ ನಾನು ಶಾಲೆಗೆ ಚಕ್ಕರ್.)

೨
"ಇದ್ದಿದ್ದೇ ಇದೊಂದು ಕೊಳವೆ. ಐದು ಗಂಟೆಗೆ ಲೇಸರ್ ಬೇರೆ ಟೀಮಿಗೆ ಹೋಗತ್ತೆ. ಆಮೇಲೆ ನನ್ನ ಸರದಿ ಮುಂದಿನ ವರ್ಷ!"

"ಸುಮ್ನಿರಮ್ಮ. ಕತ್ತಲಲ್ಲಿ ಇಟ್ರೆ ನಲವತ್ತು ನಿಮಿಷಕ್ಕೆ ಮೊದಲಿನ ಹಾಗೇ ಆಗತ್ತೆ," ಎಂದರು ಲೇಸರ್ ನೋಡಿಕೊಳ್ಳುವ ಹಿರಿಯರು, ನನ್ನ ಕಿಟಕಿಗೆ ಕರಿ ಟೇಪ್ ಬಡಿಯುತ್ತ. ಬೆಳಕು ನುಸುಳುವ ಸಂದಿಗಳನ್ನು ಮುಚ್ಚುವುದರಲ್ಲಿ ಅವರು ನಿಸ್ಸೀಮರು. ಅದಕ್ಕೇ ಎಲ್ಲರೂ ಅವರನ್ನು ಕತ್ತಲಪ್ಪ ಎನ್ನುವುದು.

"ಈಗ್ಲೇ ನಾಲ್ಕು ನಲವತ್ತು, ಕತ್ತಲಪ್ಪಣ್ಣ!"

"ಟೈಮು ಬರೆದೋರು ಯಾರು? ಅವರನ್ನೇ ಕೇಳು."

ಇಬ್ಬರೂ ನನ್ನತ್ತ ತಿರುಗಿದರು.

"ಐದು ಅನ್ನೋದನ್ನ ಹೊಡೆದ್ಹಾಕಿ," ಎಂದಳು ಅವಳು. "ಆರು ಅಂತ ಬರೀರಿ."

"ನೋಡಮ್ಮ, ವಾಸ್ತವಿಕತೆ ಅಂತ ಒಂದಿರತ್ತೆ..."

"ಬಿಸಿಲು ಬಿಡುವಾಗ ಎಲ್ಲಿಗೆ ಹೋಗಿತ್ತು ನಿಮ್ಮ ವಾಸ್ತವಿಕತೆ? ಕಾಫಿಗಾ?"

ಐದನ್ನು ಹೊಡೆದುಹಾಕಿ ಆರು ಎಂದು ಬರೆದೆ.

೩
(ಇಲ್ಲಿ ಕತ್ತಲು. ನಲವತ್ತು ನಿಮಿಷ. ಮೊಬೈಲ್ ತೆಗೆದವರನ್ನು ಕತ್ತಲಪ್ಪ ಹೊರಗಟ್ಟುತ್ತಾರೆ.)

೪
ನನ್ನದೊಂದು ಮಹಾಯೋಜನೆಯಿತ್ತು: ಆ ತಿರುಗುವಿಕೆಯನ್ನು ಸ್ಲೋ ಮೋಷನ್ನಿನಲ್ಲಿ ಹನ್ನೆರಡು ಪುಟ ಬರೆಯುವುದು. ಪೆನ್ನಿನ ಮುಚ್ಚಳ ತೆಗೆದೆ.

"ಆಯ್ತು," ಎಂದರು ಕತ್ತಲಪ್ಪ.

"ಏನಾಯ್ತು?"

"ತಿರುಗಿ ಆಯ್ತು."

ಮುಚ್ಚಳ ಇನ್ನೂ ನನ್ನ ಕೈಯಲ್ಲೇ ಇತ್ತು. ಕೆಂಪು ಹಾಳೆ ಹೊದಿಸಿದ ಕಂಪ್ಯೂಟರ್ ಪರದೆಯ ಮೇಲೆ, ತಿರುಗಿದ್ದರ ಗುರುತಾಗಿ, ಒಂದು ಗೆರೆ ಸರ್ರನೆ ಎದ್ದು ಬಾಗಿತ್ತು. ಅವಳು ಕುಣಿದಳು. ಸ್ಟೂಲಿಗೆ ಕಾಲು ಬಡಿಯಿತು, ಕುಂಟುತ್ತಲೇ ಕುಣಿದಳು. ಕತ್ತಲಪ್ಪ ಟೇಪಿನ ಸುರುಳಿಯನ್ನೇ ಬಳೆಯಂತೆ ತೊಟ್ಟು ಜೊತೆಗೂಡಿದರು.

೫
ಇನ್ನು ಮುಕ್ತಾಯ. ಆಯ್ಕೆ ಒಂದು: ಅವಳು ಬಾಗಿಲು ತೆರೆದು ಬೆಳಕಿಗೆ ಬಂದಳು. ಆಯ್ಕೆ ಎರಡು: ಬೆಳಕೇ ಬಾಗಿಲು ತೆರೆದು...

"ಬಾಗಿಲಿಗೆ ಕೈ ಹಾಕಿದ್ರೆ ನೋಡಿ ಮತ್ತೆ!" ಅವಳ ದನಿ. "ಒಂದು ಸಲ ಬಂದ ಗೆರೆನ ಯಾರೂ ಒಪ್ಪಲ್ಲ. ಇನ್ನೊಂದು ಸಲ ಹಾಗೇ ಬರ್ಬೇಕು. ರೂಲ್ಸು."

"ಅಂದ್ರೆ?"

"ಮತ್ತೆ ನಲವತ್ತು ನಿಮಿಷ ಕತ್ತಲು. ಏಳು ಅಂತ ಬರೀರಿ."

ಬರೆದೆ. ಆದರೆ ಓದುಗರೇ, ನಿಮ್ಮ ತಲೆಯ ಮೇಲಿನ ದೀಪದ ಬೆಳಕು ಪುಟದ ಮೂಲಕ ಒಳಗೆ ಸೋರುತ್ತಿದೆಯಂತೆ. ಕತ್ತಲಪ್ಪ ಟೇಪ್ ಹಿಡಿದು ಹೊರಟಿದ್ದಾರೆ. ದೀಪ ಆರಿಸಿಬಿಡಿ. ಆರಿಸಿದರೆ ಕೊನೆಯ ಸಾಲನ್ನು ನಿಮಗೆ ಓದಲಾಗದು, ನಿಜ. ಆರಿಸದಿದ್ದರೆ ನನಗದನ್ನು ಬರೆಯಲಾಗದು.