ಎರಡನೆಯ ಸಹಿ

ಕಡಲಾಚೆಯ ಗಿಲ್‌ರಾಯ್ ಪಟ್ಟಣದ ನಗರ ಕಚೇರಿಯ ಸಣ್ಣ ಕೋಣೆಯಲ್ಲಿ ಮಾಧುರಿ ಒಂದೊಂದೇ ಹಾಳೆ ತಿರುವುತ್ತಿದ್ದಳು. ಪಕ್ಕದಲ್ಲಿ ಅವಳ ತಾಯಿ ಬಂಗಾರೆವ್ವ ಸೆರಗು ಹೊದ್ದು ಕೂತಿದ್ದಳು.

ಅವರ ಓಣಿಯ ಹಿಂದಿನ ಬೆಳ್ಳುಳ್ಳಿ ಹೊಲದಲ್ಲಿ ಗೋದಾಮು ಕಟ್ಟಲು ನಗರಸಭೆ ಒಪ್ಪಿಗೆ ಕೊಟ್ಟಿತ್ತು. ಮೂವತ್ತು ದಿನದೊಳಗೆ ಸಾಕಷ್ಟು ಮತದಾರರು ಸಹಿ ಹಾಕಿದರೆ ಆ ತೀರ್ಮಾನ ಜನರ ಮತಕ್ಕೆ ಹೋಗಬೇಕು. ಮಾಧುರಿಯೇ ಮುಂದೆ ನಿಂತು ಅರ್ಜಿ ಹಾಕಿದ್ದಳು. ಹತ್ತೊಂಬತ್ತು ಸಹಿ ಕಡಿಮೆ ಬಿದ್ದವು. ಮತ್ತೆ ಹಾಕಲು ದಿನ ಮುಗಿದಿತ್ತು. ಯಾವ ಸಹಿಯನ್ನು ಏಕೆ ತಳ್ಳಿಹಾಕಿದರು ಎಂದು ನೋಡುವ ಹಕ್ಕೊಂದು ಉಳಿದಿತ್ತು, ಅದಕ್ಕೆ ಬಂದಿದ್ದರು.

ಆ ಹೊಲದ ತುದಿಯಲ್ಲಿ ಬಂಗಾರೆವ್ವನದೂ ನಾಲ್ಕು ಸಾಲು ಇದ್ದವು. ಗೇಣಿಗೆ ಮಾಡುತ್ತಿದ್ದ ಮುದುಕ ಬಿಟ್ಟುಕೊಟ್ಟ ಜಾಗದಲ್ಲಿ ಒಂಬತ್ತು ವರ್ಷದಿಂದ ಪುಂಡಿ ಸೊಪ್ಪು ಬೆಳೆಯುತ್ತಿದ್ದಳು. ಸಹಿ ಕೇಳಲು ಹೋದಾಗ ಮನೆಮನೆಗೂ ಒಂದೊಂದು ಕಟ್ಟು ಪಲ್ಲೆ ಒಯ್ದಿದ್ದಳು. ಅವಳಿಗೆ ಇಂಗ್ಲಿಷ್ ಓದಲು ಬಾರದು. ಹಾಳೆ ಹಿಡಿದು ಜತೆಗೆ ನಡೆದವಳು ಎರಡು ಮನೆ ಆಚೆಯ ನಿರುಪಮಾ, ಮೈಸೂರಿನವಳು.

"ಮೂವತ್ತೊಂದು ಸಹಿ, ಹಾಕಿದವ್ರೇ ವಾಪಸು ತಗೊಂಡಾರ," ಎಂದಳು ಮಾಧುರಿ. "ಎಲ್ಲಾ ನಮ್ಮ ಓಣಿಯವ್ರೇ."

"ಅಲ್ಲ, ನನ್ನ ಪಲ್ಲೆ ಉಂಡು ಹಿಂಗ್ಯಾಕ ಮಾಡ್ಯಾರ?"

ಮಾಧುರಿ ಆ ವಾಪಸಿನ ಕಾಗದಗಳಲ್ಲಿ ಒಂದನ್ನು ತಾಯಿಯ ಮುಂದೆ ಸರಿಸಿದಳು. ಅದರ ಕೆಳಗೆ ಕನ್ನಡದಲ್ಲಿ, ಬಿತ್ತಿದ ಕಾಳಿನಂತೆ ಬಿಡಿಬಿಡಿ ಅಕ್ಷರ: ಬಂಗಾರೆವ್ವ.

"ಇದು ನಂದ ಐತಿ," ಎಂದಳು ಮುದುಕಿ. "ಎರಡನೇ ಸಲದ್ದು."

ಮೊದಲ ಸಹಿ ಆಗಿ ವಾರದ ಮೇಲೆ ನಿರುಪಮಾ ಬೇರೆ ಕಾಗದ ತಂದಿದ್ದಳು. "ಅಡ್ರೆಸ್ಸು ಸರಿ ಬಂದಿಲ್ವಂತೆ ಆಂಟಿ, ಇನ್ನೊಂದು ಸೈನು ಬೇಕು. ಮಾಧುರಿಗೆ ನಾನೇ ಹೇಳಿದೀನಿ." ಬಂಗಾರೆವ್ವ ಮೊದಲು ತಾನು ಹಾಕಿ, ಆಮೇಲೆ ಅವೇ ಮನೆಗಳ ಬಾಗಿಲು ಬಡಿದಿದ್ದಳು. ಓದಬಲ್ಲವರೂ ಓದಲಿಲ್ಲ. ಪಲ್ಲೆ ತಗೊಂಡು, ಹೊಸ್ತಿಲಲ್ಲೇ ನಿಂತು ಸಹಿ ಹಾಕಿ ಕೊಟ್ಟರು.

ಮನೆಗೆ ಮರಳಿದಾಗ ನಿರುಪಮಾ ಗ್ಯಾರೇಜಿನಲ್ಲಿ ಕಾರಿನಿಂದ ದಿನಸಿ ಇಳಿಸುತ್ತಿದ್ದಳು. ಬಂಗಾರೆವ್ವ ನೇರ ಅಲ್ಲಿಗೇ ಹೋದಳು.

"ನಾ ಏನ್ ತಪ್ಪ ಮಾಡಿದ್ನೆ ತಂಗಿ ನಿನಗ?"

ನಿರುಪಮಾ ಚೀಲ ಕೆಳಗಿಟ್ಟಳು. "ನಿಮ್ಮ ಮೇಲೆ ಏನೂ ಇಲ್ಲ ಆಂಟಿ. ಎರಡು ವರ್ಷದಿಂದ ನಮ್ಮನೆಯವರಿಗೆ ಕೆಲಸ ಇರ್ಲಿಲ್ಲ. ಸೈನುಗಳನ್ನ ವಾಪಸು ತೆಗೆಸಿದ್ರೆ ಆ ಗೋದಾಮಿನೋರು ಕೊಡ್ತೀವಿ ಅಂದ್ರು." ಚೀಲದ ಬಾಯಿ ಮಡಚುತ್ತ ಹೇಳಿದಳು, "ನಾನು ಕೇಳಿದ್ರೆ ಯಾರೂ ಹಾಕ್ತಿರ್ಲಿಲ್ಲ."

"ಅದಕ್ಕ ನನ್ನ ಕೈಲೆ ಕೇಳಿಸಿದಿ."

"ಒಳಗೆ ಬನ್ನಿ, ಕಾಫಿ ಮಾಡ್ತೀನಿ."

"ಬ್ಯಾಡ. ನಿನ್ನ ಮಾತಿಗೆ ನಾ ಓಣಿ ತುಂಬಾ ತಿರುಗೇನಿ. ಅಷ್ಟ ಸಾಕು."

ಬಂಗಾರೆವ್ವ ತನ್ನ ಮನೆಗೆ ಹೋಗಲಿಲ್ಲ. ರಸ್ತೆ ದಾಟಿ ಎದುರು ಮನೆಯ ಗಂಟೆ ಒತ್ತಿದಳು. ರಂಜನಿ ಬಾಗಿಲು ತೆಗೆದಳು, ಅಭ್ಯಾಸದಂತೆ ಮುದುಕಿಯ ಕೈ ನೋಡಿದಳು. ಪಲ್ಲೆ ಇರಲಿಲ್ಲ.

"ಏನಾಂಟಿ, ಇನ್ನೊಂದು ಸೈನಾ?" ಎಂದು ನಗುತ್ತ ಬಾಗಿಲ ಪಕ್ಕದ ಮೇಜಿನಿಂದ ಪೆನ್ನು ತೆಗೆದುಕೊಂಡಳು. "ಎಲ್ಲಿ ಹಾಕ್ಲಿ, ತೋರಿಸಿ."

"ಪೆನ್ನು ಇಡವ್ವ," ಎಂದಳು ಬಂಗಾರೆವ್ವ. "ಹೋದ ಸಲ ನಾ ನಿನ್ನ ಕೈಲೆ ಏನ್ ಬರಸ್ಕೊಂಡ್ ಹೋಗೇನಿ, ಅದನ್ನ ಹೇಳಾಕ ಬಂದೇನಿ."