ಕೀಲಿ ನನ್ನ ಜೇಬಿನಲ್ಲೇ ಇತ್ತು

ನಮ್ಮ ರೇಡಾರ್ ಕೇಂದ್ರದಲ್ಲಿ ಒಂದು ಕಟ್ಟಳೆ. ಆಂಟೆನಾ ಬಯಲಿಗೆ ಇಳಿಯುವವನು ಯಂತ್ರದ ಕೀಲಿ ಕಿತ್ತು ಜೇಬಿಗೆ ಹಾಕಿಕೊಂಡೇ ಇಳಿಯಬೇಕು. ಕೀಲಿ ಅವನಲ್ಲಿರುವ ತನಕ ತಂತಿಗಳು ಸತ್ತ ಹಾಗೆ. ಅವತ್ತು ಕೀಲಿ ನನ್ನ ಜೇಬಿನಲ್ಲೇ ಇತ್ತು. ಆದರೂ ನನ್ನ ಬಲಗೈ ಸುಟ್ಟು ಕರಕಲಾಯಿತು.

ಅದನ್ನು ಸುಟ್ಟವನು ನನ್ನ ಒಡಹುಟ್ಟಿದ ಅಣ್ಣ, ಅಲ್ಲಿನ ವಿಜ್ಞಾನಿ. ನಾನು ಎಂಟನೇ ಕ್ಲಾಸಿಗೇ ಪುಸ್ತಕ ಬಿಸಾಕಿ ಅಲ್ಲಿ ತಂತಿ ಬಿಗಿಯುತ್ತಿದ್ದವನು. ಸೂರ್ಯನಲ್ಲಿ ಏನೋ ಸಿಡಿದು ಮೇಲಿನ ಗಾಳಿಯೆಲ್ಲ ಕದಡಿತ್ತಂತೆ. ಅಲ್ಲಿ ಬಿಸಿ ಹೇಗೆ ಹರಿಯುತ್ತದೆ, ವಿದ್ಯುತ್ ಕಣಗಳು ಹೇಗೆ ಚದುರುತ್ತವೆ ಎಂದು ಅಳೆಯಲು ಅವನಿಗೆ ಅದೇ ಗಳಿಗೆ ಬೇಕಿತ್ತು. ನಾನು ಬಯಲಿಂದ ವಾಪಸ್ ಬರುವ ತನಕ ತಡೆಯಲಿಲ್ಲ. ಕಳ್ಳತನದಲ್ಲಿ ಮಾಡಿಸಿಟ್ಟಿದ್ದ ಇನ್ನೊಂದು ಕೀಲಿ ತಿರುಗಿಸಿದ.

ಆಸ್ಪತ್ರೆಗೆ ಬಂದ. ಮಂಚದ ತುದಿಯಲ್ಲಿ ಕೂತ.

"ಕೀಲಿ ಯಂತ್ರದಲ್ಲೇ ಮರೆತು ಹೋಗಿದ್ದೆ ಅಂತ ವಿಚಾರಣೇಲಿ ಹೇಳ್ಬಿಡೋ. ನಿಂಗೇನು, ಇನ್ನೊಂದು ಕಡೆ ತಂತಿ ಬಿಗೀತೀಯ."

"ಯಾವ ಕೈಲಿ?"

ಮಾತು ತೇಲಿಸಿದ. "ಅಳತೆ ಮಾತ್ರ ಬಂಗಾರದಂಗೆ ಬಂದಿದೆ ಕಣೋ! ಎಲೆಕ್ಟ್ರಾನ್ ಮೂರು ಸಾವಿರ ಡಿಗ್ರಿ ಕುದೀತಿದೆ, ಪಕ್ಕದಲ್ಲಿರೋ ಅಯಾನಿಗೆ ಅದರ ಮೂರನೇ ಒಂದು ಪಾಲೂ ಬಿಸಿ ಇಲ್ಲ."

"ಒಂದೇ ಕಡೆ ಇದ್ದೂ?"

"ಇದ್ದೂ. ಅಲ್ಲಿ ಗಾಳಿ ಅಷ್ಟು ತೆಳು, ಒಂದಕ್ಕೊಂದು ತಾಗೋದೇ ಅಪರೂಪ. ತಾಗಿದ್ರೂ ಬಿಸಿ ದಾಟೋದು ಚೂರೇ ಚೂರು."

"ನಮ್ಮನೆ ಥರ ಅನ್ನು."

ನಕ್ಕ. ಬೋಳಿಮಗ, ನಿಜಕ್ಕೂ ನಕ್ಕ.

ವಿಚಾರಣೆಯ ದಿನ ಕೋಣೆಯ ಬಾಗಿಲಲ್ಲಿ ಅತ್ತಿಗೆ ತಡೆದಳು. "ಎಷ್ಟಾದ್ರೂ ನಿಮ್ಮಣ್ಣ ಕಣಪ್ಪ, ಹೊಟ್ಟೆಗೆ ಹಾಕ್ಕೋ."

"ಹೊಟ್ಟೆ ತುಂಬಿದೆ ಅತ್ತಿಗೆ."

ಒಳಗೆ ಮೂವರು ದೊಡ್ಡವರು ಕೂತಿದ್ದರು. ಎಡಗೈಯಲ್ಲಿ ಕೀಲಿ ತೆಗೆದು ಮೇಜಿನ ಮೇಲಿಟ್ಟೆ. "ಆಸ್ಪತ್ರೇಲಿ ನನ್ನ ಅಂಗಿ ಬಿಚ್ಚಿದಾಗ ಜೇಬಲ್ಲೇ ಇತ್ತು ಸಾರ್. ನರ್ಸಮ್ಮನ್ನ ಕೇಳಿ. ಇದು ನನ್ನ ಹತ್ರ ಇದ್ರೆ ಯಂತ್ರ ಹೆಂಗೆ ಓಡ್ತು? ಅವನ ಹತ್ರ ಇನ್ನೊಂದಿದೆ."

ಮೂವರೂ ಅಣ್ಣನ ಕಡೆ ತಿರುಗಿದರು. ಸಿಕ್ಕಿಬಿದ್ದ ಅಂದುಕೊಂಡೆ.

ಅವನು ತಲೆ ತಗ್ಗಿಸಿದ. ದನಿ ಇಳಿಸಿದ. "ಕೀಲಿ ಯಂತ್ರದಲ್ಲೇ ಇತ್ತು ಸಾರ್. ಇವನು ಬಿದ್ದ ಮೇಲೆ ನಾನೇ ಕಿತ್ತು ಇವನ ಜೇಬಿಗೆ ಹಾಕ್ದೆ. ತಪ್ಪೇ. ತಮ್ಮನ ಕೆಲಸ ಹೋಗ್ಬಾರ್ದು ಅಂತ..."

ದೊಡ್ಡವನೊಬ್ಬ ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. "ಇಂಥಾ ಅಣ್ಣನ ಮೇಲೆ ದೂರು ಹೇಳೋಕೆ ನಾಲಿಗೆ ಹೆಂಗಯ್ಯಾ ಬಂತು ನಿಂಗೆ?"

ಅಣ್ಣನಿಗೆ ಒಂದು ಎಚ್ಚರಿಕೆ. ನನಗೆ ಗೇಟ್ ಪಾಸ್ ವಾಪಸ್ ಕೊಡುವ ಆಜ್ಞೆ.

ಅಣ್ಣ ಹೊರಗೆ ಬಂದು ನನ್ನ ಹೆಗಲ ಮೇಲೆ ಕೈಯಿಟ್ಟ. "ಬೇರೆ ಕಡೆ ಕೆಲಸಕ್ಕೆ ಹೇಳ್ತೀನಿ, ಬೇಜಾರು ಮಾಡ್ಕೋಬೇಡ."

ಬೆಚ್ಚಗಿತ್ತು ಆ ಅಂಗೈ, ಹತ್ತೂ ಬೆರಳು ನೆಟ್ಟಗಿದ್ದವನ ಅಂಗೈ. ಎಡಗೈಯಿಂದ ಅದನ್ನು ಕಿತ್ತು ಕೊಡವಿ ಗೇಟಿನತ್ತ ನಡೆದೆ.