ಮುರಿಯದೆ ಬಿಟ್ಟ ಚೂರು

ಚಿಂತಾಮಣಿಯಲ್ಲಿ ಫೋನಿದ್ದ ಪ್ರತಿ ಮನೆಗೂ ಅಮ್ಮಾಜಮ್ಮನ ಧ್ವನಿ ಗೊತ್ತಿತ್ತು. ಹಾಗೆಂದು ಅದನ್ನು ಯಾರೂ ಆಸೆಪಟ್ಟು ಕೇಳಿದವರಲ್ಲ. ಎಕ್ಸ್‌ಚೇಂಜಿನಲ್ಲಿ ಆಕೆ ಆಪರೇಟರು. ಜನಕ್ಕೆ ಬೇಕಾದದ್ದು ಶಿಡ್ಲಘಟ್ಟದ ಲೈನು, ಬೆಂಗಳೂರಿನ ಲೈನು. ಟ್ರಂಕ್ ಕಾಲಿನ ನಡುವೆ "ಮೂರು ನಿಮಿಷ ಆಯ್ತು, ಮುಂದುವರಿಸ್ತೀರಾ?" ಎಂದರೆ ಮುಖಕ್ಕೆ ಹೊಡೆದಂತೆ ಉತ್ತರ ಬರುತ್ತಿತ್ತು. ಹದಿಮೂರು ವರ್ಷ ಹೀಗೇ ಕಳೆದಿತ್ತು. ಇನ್ನು ಜನ ತಾವೇ ನೇರವಾಗಿ ನಂಬರು ತಿರುಗಿಸುವ ಎಸ್‌ಟಿಡಿ ಬರುವುದಿತ್ತು. ಬಂದರೆ ಬೈಯುವುದಕ್ಕೂ ಆ ಧ್ವನಿ ಯಾರಿಗೂ ಬೇಕಾಗುವುದಿಲ್ಲ.

ಮೂವತ್ತಾರರ ಅಮ್ಮಾಜಮ್ಮ ಮದುವೆಯಾಗಿರಲಿಲ್ಲ. ತಾನೇ ಕಟ್ಟಿದ ಎಂಟು ಹಾಡುಗಳಿದ್ದವು. ದೇವರ ಹಾಡುಗಳಲ್ಲ, ಸಿನಿಮಾದ್ದೂ ಅಲ್ಲ. ಎಂದೂ ಬಾರದ ಕರೆಗಾಗಿ ಕಾದು ಕೂತವಳ ಹಾಡುಗಳು. ಗುರುತಿಲ್ಲದ ಒಬ್ಬರಾದರೂ ತಾವಾಗಿಯೇ ಅವನ್ನು ಕೇಳಬೇಕು ಎಂಬುದೊಂದೇ ಅವಳ ಆಸೆ. ಕೇಳಿ ಹೊಗಳಬೇಕೆಂದೇನೂ ಇರಲಿಲ್ಲ.

೧೯೮೯ರ ಬೇಸಿಗೆಯಲ್ಲಿ ಜೋಡಿ ರಸ್ತೆಯ ಹಿದಾಯತುಲ್ಲಾ ಅವನ್ನು ರೆಕಾರ್ಡ್ ಮಾಡಿಕೊಟ್ಟ. ಅವನದು ಗಿರಾಕಿಗಳು ಬರೆದುಕೊಟ್ಟ ಸಿನಿಮಾ ಹಾಡುಗಳನ್ನು ಕ್ಯಾಸೆಟ್ಟಿಗೆ ತುಂಬಿಸಿಕೊಡುವ ಅಂಗಡಿ. ಫ್ಯಾನು ನಿಲ್ಲಿಸಿ, ಬಾಗಿಲಿಗೆ ಕಂಬಳಿ ಕಟ್ಟಿ ಹಾಡಿಸಿದ. ಅಮ್ಮಾಜಮ್ಮ ಹಟ ಹಿಡಿದು ಒಳ್ಳೆಯ ಟೇಪನ್ನೇ ತರಿಸಿದಳು. ಮೂವತ್ತು ಕ್ಯಾಸೆಟ್ಟಿಗೂ ನೀಲಿ ಕಾಗದ ಅಂಟಿಸಿ ತನ್ನ ಹೆಸರನ್ನು ಕೈಯಾರೆ ಬರೆದಳು.

"ಹಿಂದಿನ ಚೂರು ಮುರಿದುಬಿಡ್ಲಾ ಅಕ್ಕ?" ಕ್ಯಾಸೆಟ್ಟಿನ ಬೆನ್ನಿಗಿದ್ದ ಸಣ್ಣ ಪ್ಲಾಸ್ಟಿಕ್ಕಿಗೆ ಸ್ಕ್ರೂಡ್ರೈವರ್ ಇಟ್ಟು ಹಿದಾಯತುಲ್ಲಾ ಕೇಳಿದ.

"ಅಯ್ಯೋ, ಬಿಡ್ತು ಅನ್ನು! ಮೊದಲ್ನೇ ಕೆಲಸ ಕಣಪ್ಪ. ಹೊಸ ವಸ್ತು ಮುರಿದು ಯಾರಾದ್ರೂ ಜನರ ಕೈಗೆ ಕೊಡ್ತಾರಾ?"

"ಅಲ್ಲ ಅಕ್ಕ, ಅದು..."

"ಮುರೀಬೇಡ ಅಂದ್ನಲ್ಲ."

ಅವನು ಸ್ಕ್ರೂಡ್ರೈವರ್ ಕೆಳಗಿಟ್ಟ. ಜನ ಕೊಳ್ಳಲಿ ಎಂದು ಅಮ್ಮಾಜಮ್ಮ ಖಾಲಿ ಕ್ಯಾಸೆಟ್ಟಿಗಿಂತ ಕಡಿಮೆ ಬೆಲೆ ಇಡಿಸಿದಳು.

ಹತ್ತೇ ದಿನಕ್ಕೆ ಮೂವತ್ತೂ ಖಾಲಿಯಾದವು. ಯಾರು ಕೊಂಡರೆಂದು ಕೇಳಿದಾಗ ಹಿದಾಯತುಲ್ಲಾ ಕಣ್ಣು ತಪ್ಪಿಸಿ, "ಬಸ್ಸಿನೋರೇ ಜಾಸ್ತಿ ಅಕ್ಕ" ಎಂದ. ಅವಳಿಗೆ ಅಷ್ಟೇ ಸಾಕಾಗಿತ್ತು. ಬಸ್ಸೆಂದರೆ ದಿನಕ್ಕೆ ಎಷ್ಟು ಜನ! ಆ ವಾರವಿಡೀ ಎಕ್ಸ್‌ಚೇಂಜಿನ ಬೋರ್ಡಿನ ಮುಂದೆ ಕೂತು, ಧ್ವನಿಯ ಗುರುತು ಹಿಡಿದು ಯಾರಾದರೂ ಏನಾದರೂ ಅಂದಾರು ಎಂದು ಕಾದಳು. ಮಂಡಿಯ ಚನ್ನಕೇಶವ ಒಮ್ಮೆ, "ಮೇಡಂ, ನಿಮ್ಮನ್ನ ಒಂದು ಮಾತು ಕೇಳ್ಬೇಕಿತ್ತು" ಎಂದ. ಅವಳು ಹೆಡ್‌ಫೋನನ್ನು ಕಿವಿಗೆ ಒತ್ತಿಕೊಂಡಳು.

"ಲೈನು ಯಾಕೆ ಗೊರಗೊರ ಅಂತದೆ?"

ಭಾನುವಾರ ತಾಯಿಯನ್ನು ನೋಡಲು ಕೆಂಚಾರ್ಲಹಳ್ಳಿಯ ಬಸ್ಸು ಹತ್ತಿದಳು. ಡ್ರೈವರ್ ಪಾಪಯ್ಯ ಬೀಡಿ ಎಸೆದು ಒಂದು ಕ್ಯಾಸೆಟ್ ತೆಗೆದ. ನೀಲಿ ಕಾಗದ, ಅವಳದೇ ಅಕ್ಷರ. ಅಮ್ಮಾಜಮ್ಮ ಸೆರಗನ್ನು ಬಿಗಿಯಾಗಿ ಹಿಡಿದು ಕೂತಳು.

ಸ್ಪೀಕರಿನಿಂದ ಡೋಲು ಬಂತು, ಪಿಟೀಲು ಬಂತು, ಆಮೇಲೆ ತೆಲುಗು ಸಿನಿಮಾದ ಜೋಡಿ ಹಾಡು.

ಎದ್ದು ಮುಂದೆ ಹೋದಳು. "ಏನಪ್ಪ, ಕ್ಯಾಸೆಟ್ ಬದಲಾಗಿದೆಯಾ?"

"ಇಲ್ಲ ಕಣಕ್ಕ, ಇದೇ. ಯಾರೋ ಹೆಂಗಸಿನ ಹಾಡಿದ್ವು, ಅಳಿಸಿ ಬೇರೆ ತುಂಬಿಸ್ಕೊಂಡೆ. ಟೇಪು ಫಸ್ಟ್ ಕ್ಲಾಸು. ಚೂರು ಮುರಿದಿದ್ರೆ ಮೇಲೆ ಇನ್ನೊಂದು ತುಂಬಕ್ಕಾಗ್ತಿರ್ಲಿಲ್ಲ. ಪುಣ್ಯಾತ್ಗಿತ್ತಿ ಮುರೀದೆ ಬಿಟ್ಟವ್ಳೆ. ನಮ್ ಸ್ಟ್ಯಾಂಡಲ್ಲಿ ಎಲ್ರೂ ಎರಡೆರಡು ತಗೊಂಡ್ವಿ."

"ಕೇಳಿದ್ರಾ ಅದನ್ನ, ಅಳಿಸೋಕೆ ಮುಂಚೆ?"

"ಯಾವನಿಗಕ್ಕ ಟೈಮು?"

ಅಮ್ಮಾಜಮ್ಮ ವಾಪಸು ಬಂದು ಕೂತಳು. ಅಳು ಬರಲಿಲ್ಲ. ಮೂವತ್ತು ಸಲ ಗೋಂದು ಬಳಿದ ಬೆರಳುಗಳನ್ನು ನೋಡಿಕೊಂಡಳು. ಪಕ್ಕದಲ್ಲಿ, ಸ್ಪೀಕರಿನ ಕೆಳಗೆ, ಕೋಳಿಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಒಬ್ಬ ಮುದುಕಿ ಎಲೆಯಡಿಕೆ ಅಗಿಯುತ್ತಿದ್ದಳು.

ಅರ್ಧ ದಾರಿಗೆ ಸಿನಿಮಾ ಹಾಡುಗಳು ಮುಗಿದವು. ಅವು ಟೇಪನ್ನು ಪೂರ್ತಿ ತುಂಬಿರಲಿಲ್ಲ. ಕಟಕ್ ಎಂದು ಒಂದು ಸದ್ದಾಗಿ, ತಾಳ ಮೇಳ ಏನೂ ಇಲ್ಲದೆ ಉಳಿದ ಬಾಲದಿಂದ ಅವಳ ಧ್ವನಿ ಹೊರಟಿತು.

"ಓಗೊಟ್ಟು ಓಗೊಟ್ಟು ಬಾಯೊಣಗಿತು..."

ಪಾಪಯ್ಯ ಕೈ ಚಾಚಿದ. ಅಷ್ಟರಲ್ಲಿ ಎದುರಿಗೆ ಹುಲ್ಲಿನ ಗಾಡಿ ಬಂತು. ಸ್ಟೇರಿಂಗಿಗೆ ಎರಡೂ ಕೈ ಬೇಕಾದವು. ಗಾಡಿ ದಾಟುವವರೆಗೆ ಹಾಡು ನಡೆಯಿತು. ಹಿಂದೆ ಯಾರೋ ಟಿಕೆಟ್ಟಿನ ಚಿಲ್ಲರೆಗೆ ಜಗಳವಾಡುತ್ತಿದ್ದರು.

ಮುದುಕಿ ಅಗಿಯುವುದನ್ನು ನಿಲ್ಲಿಸಿದ್ದಳು. ಪಾಪಯ್ಯ ಕ್ಯಾಸೆಟ್ ಕಿತ್ತು ಮಗುಚಿ ಹಾಕಿ ಮತ್ತೆ ಸಿನಿಮಾ ಹಾಡು ಶುರುವಾದ ಮೇಲೆ, ಅವಳು ಅಮ್ಮಾಜಮ್ಮನ ಮೊಣಕೈ ತಿವಿದು ಕೇಳಿದಳು: "ಯಾರೇ ಅವ್ಳು, ನಡುಮಧ್ಯದಿಂದ ಶುರು ಹಚ್ಚಿದ್ಲು? ಮೊದಲೇನಂತೆ? ಯಾರಿಗೆ ಓಗೊಟ್ಲಂತೆ?"

ಅಮ್ಮಾಜಮ್ಮನ ಬಾಯಿ ನಿಜವಾಗಿಯೂ ಒಣಗಿತು. "ಅದು... ಕರೆದೋರು ಯಾರೂ ನನ್ನ ಕರೀಲಿಲ್ಲ ಅಂತ..."

"ಆಂ? ಈ ಗಲಾಟೇಲಿ ಏನೂ ಕೇಳಾಕಿಲ್ಲ. ಜೋರಾಗಿ ಅನ್ನೇ. ಮುಂದಿನ ಸ್ಟಾಪಲ್ಲಿ ಇಳೀಬೇಕು ನಾನು."

ಅಮ್ಮಾಜಮ್ಮ ಎದ್ದಳು. ಕಂಬಿ ಹಿಡಿದು ಮುಂದೆ ಹೋಗಿ ಡ್ರೈವರನ ಹಿಂದೆ ನಿಂತಳು.

"ಪಾಪಯ್ಯ, ಆ ಟೇಪನ್ನ ಸ್ವಲ್ಪ ನಿಲ್ಸಪ್ಪ," ಎಂದಳು. "ಮೂರೇ ನಿಮಿಷ."